ಹತ್ತಿಕಡ್ಡಿ ಅಕ್ಕ ಮತ್ತು ಮೂವತ್ತೆರಡು ಕೆನ್ನೆ

ಇಪ್ಪತ್ತೊಂಬತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಿಯಾದಾಗ ಆಕೆಗೆ ಸಿಕ್ಕಿದ್ದು ಮೂರು ಭಾಷಣ, ಒಂದು ಗೋಡೆ ಗಡಿಯಾರ ಮತ್ತು ಮಂಡಿನೋವು. ಮಂಡಿನೋವು ಬಿಟ್ಟು ಉಳಿದ ಯಾವುದೂ ವಾರಕ್ಕಿಂತ ಹೆಚ್ಚು ಬಾಳಲಿಲ್ಲ. ಗಡಿಯಾರವನ್ನು ಕೆಳಗಿನ ಬೀದಿಯ ವಾಚ್ ರಿಪೇರಿಯವನು ಬಿಚ್ಚಿ ನೋಡಿ, "ಅಕ್ಕಾ, ಇದು ಓಡೋಕೆ ಅಂತ ಮಾಡಿದ್ದಲ್ಲ, ಕೊಡೋಕೆ ಅಂತ ಮಾಡಿದ್ದು" ಎಂದು, ಹೇಗೋ ಓಡಿಸಿಕೊಟ್ಟ.

'ಹತ್ತಿಕಡ್ಡಿ ಅಕ್ಕ' ಎಂಬ ಹೆಸರು ಬಂದದ್ದು ಆಮೇಲೆ. ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರಿಗೆ ಊರಿನ ಗಂಡಸರ ಮೂಲ ಹುಡುಕುವ ಉಮೇದು ಹತ್ತಿತ್ತು. ಮನೆಮನೆಗೆ ಹೋಗಿ, ಗಂಡಸರ ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ, ಶೀಶೆಯಲ್ಲಿ ಹಾಕಿ ತರುವವರು ಬೇಕಿತ್ತು. ಊರಿನ ಅರ್ಧ ಜನಕ್ಕೆ ಸೂಜಿ ಚುಚ್ಚಿದ ಕೈ ಎಂದು ಈಕೆಯನ್ನೇ ಕರೆದರು.

"ವೈ ಕ್ರೋಮೋಸೋಮು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತೆ ನರ್ಸಮ್ಮ," ಎಂದು ಪ್ರೊಫೆಸರು ವಿವರಿಸಿದರು. "ಅದರಲ್ಲಿರೋ ಗುರುತುಗಳು ಎಷ್ಟೋ ತಲೆಮಾರು ಹೆಚ್ಚುಕಮ್ಮಿ ಹಾಗೇ ಉಳಿಯುತ್ತವೆ. ಹೋಲಿಸಿ ನೋಡಿದರೆ ಯಾರು ಯಾರಿಗೆ ಹತ್ತಿರ, ಯಾವ ಕಾಲಕ್ಕೆ ಬೇರೆಯಾದರು ಅಂತ ಅಂದಾಜು ಸಿಗುತ್ತೆ."

"ಹಾಗಾದ್ರೆ ನಮ್ಮನೆಯವರ ಗೊರಕೆ ಅದರಲ್ಲೇ ಇರಬೇಕು ಸಾರ್. ಅವರಪ್ಪಂದೂ ಅದೇ ರಾಗ."

ಪ್ರೊಫೆಸರು ನಗಲಿಲ್ಲ. ಬರೆದುಕೊಂಡರೋ ಏನೋ.

ಎರಡು ಬೀದಿ, ಬೀದಿಗೆ ನಲವತ್ತು ಗಂಡಸರು. ಕೆಳಗಿನ ಬೀದಿಯನ್ನು ಅಕ್ಕ ಹನ್ನೆರಡು ದಿನ ಸುತ್ತಿದಳು. ನಲವತ್ತು ಬಾಗಿಲು, ಬಾಗಿಲಿಗೊಂದು ಕೆನ್ನೆ. ಮೇಲಿನ ಬೀದಿಗೆ ಕಾಲಿಡುವಷ್ಟರಲ್ಲಿ ಫೋನು ಬಂತು: ಯೋಜನೆಯ ಅವಧಿ ಮುಗಿಯುತ್ತಿದೆ, ಎರಡೇ ದಿನದಲ್ಲಿ ಮುಗಿಸಿ. ಮೇಲಿನ ಬೀದಿಯಲ್ಲಿತ್ತು ಬೇಕರಿ ಮನೆ. ತಾತ, ತಾತನ ಆರು ಗಂಡುಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು, ಎಲ್ಲ ಒಂದೇ ಅಂಗಳ. ಒಲೆಯ ಮುಂದೆ ಸಾಲಾಗಿ ನಿಂತು ಬಾಯಿ ತೆರೆದರು. ಬೆಳಗಿನ ಬ್ರೆಡ್ಡು ಒಲೆಯಿಂದ ಹೊರಬರುವ ಹೊತ್ತಿಗೆ ಮೂವತ್ತೆರಡು ಕೆನ್ನೆ ಮುಗಿದಿತ್ತು. ಉಳಿದ ಎಂಟು ಅಕ್ಕಪಕ್ಕದವು.

"ಸಾರ್, ಮೂವತ್ತೆರಡು ಜನಾನೂ ಒಂದೇ ಮನೆಯವರು," ಎಂದು ಆಕೆ ಆವತ್ತೇ ಫೋನಿನಲ್ಲಿ ಹೇಳಿದ್ದಳು.

"ಫಾರ್ಮಲ್ಲಿ ಬರೀರಿ, ನಾವು ನೋಡ್ಕೋತೀವಿ."

ಬರೆದಳು. 'ಸಂಬಂಧ' ಎಂಬ ಕಾಲಮಿನಲ್ಲಿ ಮಗ, ಮೊಮ್ಮಗ, ಮರಿಮಗ ಎಂದು ಗುಂಡಗುಂಡಗೆ ಬರೆದಳು. ನರ್ಸುಗಳ ಅಕ್ಷರ ಡಾಕ್ಟರುಗಳ ಅಕ್ಷರದ ಹಾಗಲ್ಲ, ಓದಲು ಬರುತ್ತದೆ, ಓದುವವರು ಇರಬೇಕಷ್ಟೆ.

ವರ್ಷ ಕಳೆದ ಮೇಲೆ ಪತ್ರಿಕೆಯಲ್ಲಿ ಸುದ್ದಿ ಬಂತು. ಮೇಲಿನ ಬೀದಿಯವರು ಹೆಚ್ಚುಕಮ್ಮಿ ಎಲ್ಲ ಒಬ್ಬನೇ ಮೂಲಪುರುಷನ ಸಂತತಿಯಂತೆ, ಅಪ್ಪಟ ಹಳೇ ನೆತ್ತರಂತೆ. ಕೆಳಗಿನ ಬೀದಿಯವರದು ನೂರೆಂಟು ಕಡೆಯಿಂದ ಬಂದು ಸೇರಿದ ಮೂಲವಂತೆ. ಓದಿ ಅಕ್ಕನಿಗೆ ನಗು ಬಂತು. ಆ ಮೂಲಪುರುಷ ಯಾರೆಂದು ಆಕೆಗೆ ಗೊತ್ತಿತ್ತು. ಆತನ ಕೆನ್ನೆ ಉಜ್ಜುವಾಗ ಹಲ್ಲಿನ ಸೆಟ್ಟು ತೆಗೆಸಿದ್ದು ಆಕೆಯೇ.

ನಗು ತಿಂಗಳೂ ಉಳಿಯಲಿಲ್ಲ. ಹಳೇ ಮಾರುಕಟ್ಟೆ ಕೆಡವಿ ಹೊಸದು ಕಟ್ಟಿದ್ದರು. ಮಳಿಗೆ ಕಡಿಮೆ, ಕೇಳುವವರು ಹೆಚ್ಚು. ವ್ಯಾಪಾರಿ ಸಂಘದ ಅಧ್ಯಕ್ಷ, ಅಂದರೆ ಬೇಕರಿ ತಾತನ ಹಿರಿಯ ಮಗ, ಪ್ರೊಫೆಸರ ಲೇಖನ ಲಗತ್ತಿಸಿ ಪುರಸಭೆಗೆ ಅರ್ಜಿ ಹಾಕಿದ: ಮಳಿಗೆ ಮೊದಲು ಮೂಲದವರಿಗೆ, ಮಿಕ್ಕರೆ ಹೊರಗಿಂದ ಬಂದವರಿಗೆ. ವಾಚ್ ರಿಪೇರಿಯವನು ನೋಟಿಸು ಹಿಡಿದು ಅಕ್ಕನ ಮನೆಗೆ ಬಂದ.

"ಇಪ್ಪತ್ತೆರಡು ವರ್ಷದಿಂದ ಹಳೇ ಮಾರುಕಟ್ಟೆಯ ಅದೇ ಮೂಲೇಲಿ ಕೂತಿದ್ದೆ ಅಕ್ಕ. ಈಗ ನಾನು ಬಂದವನಂತೆ. ನೀವೇ ತಾನೆ ಬಾಯಿ ತೆಗಿ ಅಂದದ್ದು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ, ಬರೀ ಕೇಳಿದ. ಅಕ್ಕನ ಮೈ ಉರಿದುಹೋಯಿತು. ಮರುದಿನವೇ ಬಸ್ಸು ಹತ್ತಿ ವಿಶ್ವವಿದ್ಯಾಲಯದ ಮೂರನೇ ಮಹಡಿಗೆ ಮಂಡಿ ಎಳೆದುಕೊಂಡು ಹೋದಳು.

ಪ್ರೊಫೆಸರು ಕಡತ ಹುಡುಕಿಸಿದರು. ಫಾರ್ಮುಗಳಿದ್ದವು, ಸಂಬಂಧವೂ ಇತ್ತು. ಅಚ್ಚಾದ ಲೇಖನದಲ್ಲಿ ಮಾತ್ರ ಆ ಕಾಲಮು ಮಾಯ.

"ಟೇಬಲ್ಲು ಪುಟದಲ್ಲಿ ಹಿಡಿಸಲಿಲ್ಲ ಅಂತ ಟೈಪು ಮಾಡಿದವರು ಕೈಬಿಟ್ಟಿದ್ದಾರೆ," ಎಂದರು. "ತಪ್ಪೇ, ಒಪ್ಪಿದೆ. ಮುಂದಿನ ಲೇಖನದಲ್ಲಿ ಅಡಿಟಿಪ್ಪಣಿ ಹಾಕೋಣ."

"ಅಡಿಟಿಪ್ಪಣಿಯೊಳಗೆ ಕೂತ್ಕೊಂಡು ಅವನು ವಾಚ್ ರಿಪೇರಿ ಮಾಡ್ಲಾ ಸಾರ್?"

"ನಾನು ಮಳಿಗೆ ವಿಷಯ ಎಲ್ಲಿ ಬರೆದಿದ್ದೀನಿ? ನಂದು ಬರೀ ವಿಜ್ಞಾನ."

"ನಂದು ಬರೀ ಹತ್ತಿಕಡ್ಡಿ. ಅವರದು ಬರೀ ಅರ್ಜಿ. ಯಾರೂ ಏನೂ ಮಾಡಿಲ್ಲ, ಮಳಿಗೆ ತಾನಾಗೇ ಹೋಯ್ತು ಹಾಗಾದ್ರೆ."

ತಪ್ಪಾಗಿದೆ ಎಂದು ಒಂದು ಕಾಗದ ಬರೆದುಕೊಡಿ ಎಂದಳು. ವಿಭಾಗದ ಅನುಮತಿ ಬೇಕು ಎಂದರು. ವಿಭಾಗದ ಮುಖ್ಯಸ್ಥರು ಯಾರು ಎಂದಳು. ತಾವೇ ಎಂದರು.

ವಿಚಾರಣೆಯ ದಿನ ಪುರಸಭೆಯ ಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ. ಅಧ್ಯಕ್ಷ ತನ್ನ ಅಪ್ಪನನ್ನು ಮೂಲದ ಸಾಕ್ಷಾತ್ ನಮೂನೆಯ ಹಾಗೆ ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಅಕ್ಕ ಕಾಲಮಿನ ಕಥೆ ಹೇಳಿದಳು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, "ನಿಮ್ಮ ಮಾತಿಗೆ ದಾಖಲೆ ಇದೆಯಾ? ಇವರದು ಅಚ್ಚಾಗಿದೆ," ಎಂದರು.

ಅಕ್ಕ ತಾತನ ಕಡೆ ತಿರುಗಿದಳು. "ತಾತ, ಆವತ್ತು ನಿಮ್ಮ ಅಂಗಳದಲ್ಲಿ ಬಾಯಿ ತೆರೆದವರು ಎಷ್ಟು ಜನ?"

"ಅಪ್ಪಾ, ನೀವು ಸುಮ್ನಿರಿ," ಎಂದ ಅಧ್ಯಕ್ಷ.

ಆ ತಾತನನ್ನು ಸುಮ್ಮನಿರಿಸಿದವರು ಇನ್ನೂ ಹುಟ್ಟಿಲ್ಲ. "ಮೂವತ್ತೆರಡು," ಎಂದು ಎದ್ದು ನಿಂತ. "ಎಲ್ಲಾ ನಮ್ಮನೆ ಗಂಡಸರೇ. ನನ್ನದೇ ಬೆಳೆ. ಇನ್ನೂ ಇಬ್ಬರು ಮೊಮ್ಮಕ್ಕಳು ಆವತ್ತು ಅಂಗಡಿಗಳಿಗೆ ಬ್ರೆಡ್ಡು ಹಾಕೋಕೆ ಹೋಗಿದ್ರು, ಅವರದ್ದೂ ಬರ್ಕೊಳ್ಳಿ. ಈ ಊರಲ್ಲಿ ಇಷ್ಟು ಗಂಡುಸಂತಾನ ಬೇರೆ ಯಾರಿಗಿದೆ, ತೋರಿಸಲಿ."

ಅಧಿಕಾರಿ ಲೇಖನ ತಿರುವಿದರು. ಮೇಲಿನ ಬೀದಿ, ನಲವತ್ತು ಜನ. ಒಂದೇ ಗುರುತಿನವರು ಮೂವತ್ತೆರಡು. ತಾತನ ಮುಖ ನೋಡಿದರು, ಅಧ್ಯಕ್ಷನ ಮುಖ ನೋಡಿದರು. ಲೇಖನವನ್ನು ಮಡಚಿ, ಹಳೇ ಮಾರುಕಟ್ಟೆಯಲ್ಲಿ ಯಾರು ಎಷ್ಟು ವರ್ಷ ಕೂತಿದ್ದರೋ ಆ ಹಿರಿತನದಲ್ಲೇ ಮಳಿಗೆ ಎಂದು ಬರೆಸಿದರು.

ಹೊರಗೆ ಮೆಟ್ಟಿಲ ಮೇಲೆ ವಾಚ್ ರಿಪೇರಿಯವನು ಕೈಮುಗಿದ. "ಗೆದ್ವಿ ಅಕ್ಕ. ಇನ್ನಾದ್ರೂ ಸ್ವಲ್ಪ ನಗಿ."

"ಏನಕ್ಕೆ ನಗಲಿ?" ಎಂದಳು ಅಕ್ಕ, ಮಂಡಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತ. "ಆ ಮೂವತ್ತೆರಡು ಜನ ಮೂವತ್ತೆರಡು ಮನೆಯವರೇ ಆಗಿದ್ರು ಅಂತ ಇಟ್ಕೋ. ಲೆಕ್ಕ ಎಲ್ಲಾ ಸರಿಯಾಗೇ ಇತ್ತು ಅಂತ ಇಟ್ಕೋ. ಆಗ ನಿನ್ನ ಮಳಿಗೆ ಅವರಿಗೆ ಕೊಡಬಹುದಿತ್ತಾ? ಒಳಗೆ ಅಷ್ಟು ಜನ ಕೂತಿದ್ರಲ್ಲ, ಇದನ್ನ ಒಬ್ರೂ ಕೇಳಲಿಲ್ಲ. ನಾನೂ ಕೇಳಲಿಲ್ಲ."