ಮತ್ತೊಮ್ಮೆ ಮೇಡಂ ಮತ್ತು ಮುಗಿಯದ ಪಾಠ

ಬೀಜಗಣಿತದ ಪಾಠ ಮಾಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ವಿದ್ಯಾರ್ಥಿ ಕಲಿತ ಮೇಲಷ್ಟೇ ತಾನು ಕಲಿಸಿದ್ದೇನೆಂದು ಒಪ್ಪಿಕೊಂಡವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು, ಮೂರು ದಶಕಗಳಿಗೂ ಮೀರಿದ ಪ್ರೌಢಶಾಲಾ ಸೇವೆಯ ಬಳಿಕ ಈ ವರ್ಷ ನಿವೃತ್ತರಾದ ನಮ್ಮ ಗಣಿತದ ಗುರುಗಳು. ಮಕ್ಕಳು ಅವರನ್ನು ಬೆನ್ನ ಹಿಂದೆ ಕರೆಯುತ್ತಿದ್ದುದು 'ಮತ್ತೊಮ್ಮೆ ಮೇಡಂ' ಎಂದು; ಅವರಿಗೆ ಇದು ಗೊತ್ತಿತ್ತು, ಗೊತ್ತಿಲ್ಲದವರಂತೆ ಇರುತ್ತಿದ್ದರು. ಅವರ ಶಿಷ್ಯೆಯಾಗಿದ್ದು, ಈಗ ಅದೇ ಶಾಲೆಯಲ್ಲಿ ಗಣಿತ ಹೇಳುತ್ತಿರುವ ನನಗೆ ಅವರ ಈ ಅಭಿನಂದನಾ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ. ಸಂಪಾದಕರು ನನ್ನ ಮೊದಲ ಕರಡನ್ನು ಮತ್ತೊಮ್ಮೆ ಬರೆಯಿರೆಂದು ಹಿಂದಿರುಗಿಸಿದಾಗ ನನಗೆ ಸಿಟ್ಟು ಬರಲಿಲ್ಲ. ಅಭ್ಯಾಸವಿದೆ.

ಅವರ ಕ್ರಮ ಹೇಳಲು ಸುಲಭ, ನಡೆಸಲು ಕಠಿಣ. ಒಂದು ಪಾಠ ಪೂರ್ತಿ ಕೈಗೆ ಹತ್ತುವ ತನಕ ಮುಂದಿನದಕ್ಕೆ ಕಾಲಿಡುವಂತಿರಲಿಲ್ಲ. ಕಿರುಪರೀಕ್ಷೆಯಲ್ಲಿ ತಪ್ಪಿದವರು ಅದನ್ನು ಎಷ್ಟು ಸಲ ಬೇಕಾದರೂ ಬರೆಯಬಹುದಿತ್ತು; ಆದರೆ ಅದಕ್ಕೂ ಮೊದಲು ಎಡವಿದ್ದು ಎಲ್ಲಿ ಎಂಬುದನ್ನು ತಮ್ಮ ಬಾಯಿಂದಲೇ ಹೇಳಬೇಕಿತ್ತು, ಮತ್ತು ಮುಂದಿನ ಸಲ ಲೆಕ್ಕ ಬೇರೆಯೇ ಇರುತ್ತಿತ್ತು. ಬೇಗ ಮುಗಿಸಿದ ಚೂಟಿಗಳನ್ನು ಮುಂದಕ್ಕೆ ಓಡಲು ಬಿಡದೆ, ಅದೇ ಪಾಠದ ತಲೆಕೆಡಿಸುವ ಲೆಕ್ಕಗಳನ್ನು ಕೊಟ್ಟು ಕೂರಿಸುತ್ತಿದ್ದರು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಇಡೀ ತರಗತಿ ಒಂದೇ ಜಾಗದಲ್ಲಿ ಮುಗ್ಗರಿಸಿತು. ಆವರಣದ ಮುಂದೆ ಮೈನಸ್ ಇದ್ದರೆ ಒಳಗಿನ ಮೊದಲ ಪದದ ಚಿಹ್ನೆಯನ್ನಷ್ಟೇ ಬದಲಿಸಿ, ಎರಡನೆಯದನ್ನು ಹಾಗೆಯೇ ಬಿಟ್ಟು ಮುಂದೆ ಹೋಗುತ್ತಿದ್ದೆವು. "ನೆಂಟರ ಮನೆಗೆ ಹೋದ್ರೆ ಬಾಗಿಲಲ್ಲಿ ನಿಂತವರನ್ನ ಮಾತ್ರ ಮಾತಾಡಿಸಿ ವಾಪಸ್ ಬರ್ತೀರೇನ್ರೋ? ಒಳಗಿರೋರನ್ನೂ ಮಾತಾಡಿಸಬೇಕು!" ಎಂದು ನಗುತ್ತಲೇ ಗದರಿ, ಪಾಠವನ್ನು ಅಲ್ಲಿಯೇ ನಿಲ್ಲಿಸಿದರು. ಅಷ್ಟರಲ್ಲಿ ಪಕ್ಕದ ವಿಭಾಗದ ಗಣಿತದ ಮೇಷ್ಟ್ರು, ಪೋರ್ಷನ್ ಮುಗಿಸುವುದರಲ್ಲಿ ಎತ್ತಿದ ಕೈಯಾದ್ದರಿಂದ 'ಎಕ್ಸ್‌ಪ್ರೆಸ್' ಎಂದೇ ಹೆಸರಾದವರು, ಪುಸ್ತಕದ ಅರ್ಧ ದಾಟಿಬಿಟ್ಟಿದ್ದರು.

ಪೋಷಕರ ಸಭೆಯಲ್ಲಿ ಮೊದಲು ಎದ್ದು ನಿಂತವರು ಬಸ್ ಕಂಡಕ್ಟರ್ ಆಗಿದ್ದ ನನ್ನಪ್ಪನೇ. "ಪಕ್ಕದ ಸೆಕ್ಷನ್ ಊರು ದಾಟಿ ಹೋಗಿದೆ, ನಮ್ಮ ಮಕ್ಕಳು ಇನ್ನೂ ಡಿಪೋದಲ್ಲೇ ಇದ್ದಾರಲ್ಲ ಮೇಡಂ?"

"ಹತ್ತದೇ ಇರೋರನ್ನ ಬಿಟ್ಟು ನೀವು ಬಸ್ ಬಿಡ್ತೀರಾ?"

"ದಿನಾ ಬಿಡ್ತೀವಿ ಮೇಡಂ!"

ಸಭೆಯೆಲ್ಲ ನಕ್ಕಿತು, ಅವರೂ ನಕ್ಕರು. "ನಾನು ಬಿಡಲ್ಲ" ಎಂದರು. ಮುಖ್ಯೋಪಾಧ್ಯಾಯರು ಮಾತ್ರ ನಗಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಮ್ಮ ವಿಭಾಗ ಹಿಂದೆ ಬಿದ್ದರೆ ತರಗತಿಯನ್ನು ಎಕ್ಸ್‌ಪ್ರೆಸ್ ಮೇಷ್ಟ್ರಿಗೆ ವಹಿಸುವುದಾಗಿ ಎಲ್ಲರೆದುರೇ ಹೇಳಿಬಿಟ್ಟರು.

ಉಳಿದ ಪಾಠಗಳ ನಾಲ್ಕು ಸೂತ್ರಗಳನ್ನು ನಮ್ಮ ತಲೆಗೆ ತುರುಕಿದ್ದರೆ ಮೇಡಂ ಪಾರಾಗುತ್ತಿದ್ದರು. ಅವರು ಅದನ್ನು ಮಾಡಲಿಲ್ಲ. "ಗೊತ್ತಿಲ್ಲದ್ದನ್ನ ಖಾಲಿ ಬಿಡಿ, ಗೊತ್ತಿರೋದು ಮಾತ್ರ ತಪ್ಪಕೂಡದು" ಎಂದಷ್ಟೇ ಹೇಳಿ ಕಳುಹಿಸಿದರು. ನಾವು ಹಾಗೆಯೇ ಬರೆದೆವು, ಹಿಂದೆ ಬಿದ್ದೆವು. ಸೀಮೆಸುಣ್ಣದ ಡಬ್ಬಿ ಹಿಡಿದು ಅವರು ನಮ್ಮ ಕೋಣೆಯಿಂದ ಹೊರಟಾಗ ಹಿಂದಿನ ಬೆಂಚಿನಲ್ಲಿ ಅಳು ಕೇಳಿಸಿತು. ಅವರಿಗೆ ಕೆಳತರಗತಿಯ ಡ್ರಾಯಿಂಗ್ ಪೀರಿಯಡ್ ಹಚ್ಚಿದರು. ಅಲ್ಲಿಯೂ ವೃತ್ತ ಸರಿಯಾಗಿ ಗುಂಡಗಾಗುವ ತನಕ ಮತ್ತೊಮ್ಮೆ, ಮತ್ತೊಮ್ಮೆ ಎಂದು ಬರೆಸುತ್ತಿದ್ದರಂತೆ.

ಎಕ್ಸ್‌ಪ್ರೆಸ್ ಮೇಷ್ಟ್ರು ನಮ್ಮ ಕೋಣೆಗೆ ಬಂದವರೇ ಸಮೀಕರಣಗಳಿಗೆ ಕೈಹಾಕಿದರು. ಆವರಣದೊಳಗೆ ಆವರಣವಿದ್ದ ಉದ್ದನೆಯದೊಂದು ಲೆಕ್ಕ ಬರೆದರು. ಅವರ ಸ್ವಂತ ವಿಭಾಗ ಅದರಲ್ಲಿ ಮಕಾಡೆ ಮಲಗಿತ್ತಂತೆ. ನಮ್ಮಲ್ಲಿ ಕೊನೆಯ ಬೆಂಚಿನವರೂ ಬಿಡಿಸಿದರು. ಇನ್ನೂ ಕಠಿಣವಾದದ್ದನ್ನು ಕೊಟ್ಟರು, ಅದೂ ಆಯಿತು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ ನೆಟ್ಟಗೆ ಮುಖ್ಯೋಪಾಧ್ಯಾಯರ ಕೋಣೆಗೆ ನಡೆದರು. ಬಾಗಿಲು ತೆರೆದೇ ಇದ್ದುದರಿಂದ ಮಾತು ಜಗುಲಿಯುದ್ದಕ್ಕೂ ಕೇಳಿಸಿತು.

"ಸಾರ್, ನನ್ನ ಸೆಕ್ಷನ್‌ಗೆ ನಾನು ಪಾಠ ಮುಗಿಸಿದೀನಿ, ಅವರಿಗೆ ಕಲಿಸಿಲ್ಲ. ಈ ಮಕ್ಕಳನ್ನ ಮೇಡಂಗೇ ವಾಪಸ್ ಕೊಡಿ. ಆದ್ರೆ ನನ್ನವರನ್ನೂ ಒಂದಿಷ್ಟು ನೋಡ್ಕೊಳ್ಳೋಕೆ ಹೇಳಿ."

ತನ್ನ ಸೋಲನ್ನು ಹೀಗೆ ಬಾಯ್ತುಂಬ ಹೇಳಿಕೊಂಡ ಆ ದೊಡ್ಡ ಮನಸ್ಸಿಗೂ ಈ ಸಂಪುಟದಲ್ಲಿ ನಮಸ್ಕಾರ ಸಲ್ಲಬೇಕು. ಮೇಡಂ ಮರಳಿದರು. ಬುಡ ಗಟ್ಟಿಯಾಗಿದ್ದರಿಂದ ಉಳಿದ ಪಾಠಗಳು ಸರಾಗವಾಗಿ ಸಾಗಿ, ವಾರ್ಷಿಕ ಪರೀಕ್ಷೆಯಲ್ಲಿ ನಮ್ಮಲ್ಲಿ ಒಬ್ಬರೂ ನಪಾಸಾಗಲಿಲ್ಲ. ಫಲಿತಾಂಶದ ದಿನ ಅಪ್ಪ ಮೇಡಂ ಎದುರು ಕೈಮುಗಿದು, "ನಮ್ಮ ಡಿಪೋದಲ್ಲೂ ನಿಮ್ಮಂಥೋರು ಒಬ್ಬರು ಬೇಕಿತ್ತು" ಎಂದರು. ಆ ತರಗತಿಯವಳು ನಾನೆಂದು ಹೇಳಿಕೊಳ್ಳುವಾಗ ಇಂದಿಗೂ ನನ್ನ ಎದೆಯುಬ್ಬುತ್ತದೆ.

ಮುಂದೆ ನಾನೂ ಇಲ್ಲಿಗೇ ಮೇಡಂ ಆಗಿ ಬಂದಾಗ, ಮೊದಲ ವಾರವೇ ಪೋರ್ಷನ್ ಹಿಂದೆ ಬಿತ್ತೆಂದು ಕಂಗಾಲಾಗಿದ್ದೆ. ಅವರು ನನ್ನ ಪಕ್ಕ ಕುಳಿತು ಉಪದೇಶವೇನೂ ಮಾಡಲಿಲ್ಲ. ತಮ್ಮ ಬಿಡುವಿನ ಪೀರಿಯಡ್‌ಗಳಲ್ಲಿ ನನ್ನ ತರಗತಿಗೆ ಬಂದು, ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಕೊಂಡು, ಹಿಂದುಳಿದವರನ್ನು ಎದುರಿನ ಬೆಂಚಿಗೆ ಕರೆದು ಕೂರಿಸಿಕೊಂಡರು. ಆ ಕುರ್ಚಿ ಅಂದಿನಿಂದ ಅಲ್ಲಿಯೇ ಇತ್ತು.

ಬೀಳ್ಕೊಡುಗೆಯ ದಿನ ಭಾಷಣಗಳಾದವು, ಹೊಗಳಿಕೆಗೆ ಬರವಿರಲಿಲ್ಲ, ಅವರು ಮನೆಗೆ ಹೋದರು. ಇನ್ನು ಆ ಕುರ್ಚಿ ಖಾಲಿಯೆಂದುಕೊಂಡೇ ನಾನೂ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ತರಗತಿಗೆ ಹೋದರೆ, ಆವರಣದ ಲೆಕ್ಕದಲ್ಲಿ ಇನ್ನೂ ತೊಡರುತ್ತಿದ್ದ ಹುಡುಗಿಯೊಬ್ಬಳನ್ನು ಎದುರಿಗೆ ಕೂರಿಸಿಕೊಂಡು ಅವರು ಅಲ್ಲಿಯೇ ಇದ್ದಾರೆ!

"ಮೇಡಂ, ನೀವು ರಿಟೈರ್ ಆಗಿದೀರಿ."

"ನಾನು ಆಗಿದೀನಿ ಕಣೇ. ಇವಳ ಪಾಠ ಆಗಿಲ್ವಲ್ಲ."

ಅವರಿಗೆ ನೂರು ತುಂಬಲಿ, ಕಣ್ಣು ಕೈ ಗಟ್ಟಿಯಾಗಿರಲಿ ಎಂದು ಶಿಷ್ಯರೆಲ್ಲರ ಪರವಾಗಿ ಹಾರೈಸುತ್ತೇನೆ. ಆ ಹುಡುಗಿಯ ಪಾಠ ಕಳೆದ ವಾರ ಮುಗಿಯಿತು. ಎದುರಿನ ಬೆಂಚಿಗೆ ಈಗ ಇನ್ನೊಬ್ಬಳನ್ನು ಕಳಿಸಿದ್ದೇನೆ.