ಮ್ಯಾಲಿನ ಮನಿ ಕಾಕು ಅವರ ವಾಟಿ

ಹಳೇ ಟವೆಲ್ಲಿನ ಗಂಟು ಬಿಚ್ಚಿದ ಕೂಡಲೇ ಮೊದಲು ಬಂದದ್ದು ಇಂಗಿನ ವಾಸನಿ. ಆಮ್ಯಾಲ ಹಳೇ ಕಾಗದದ್ದು, ಅದರ ಹಿಂದ ಎಣ್ಣಿ ಜಿಡ್ಡಿಂದು. ಒಳಗ ಎರಡೇ ಸಾಮಾನು ಇದ್ವು, ಒಂದು ಅಡಗಿ ಪುಸ್ತಕ, ಒಂದು ಕಂಚಿನ ವಾಟಿ, ಅಂದ್ರ ಬಟ್ಟಲ. ಗಂಟು ತಂದಾಕಿ ಕಾಕು ಅವರ ತಂಗಿ ಮಗಳು, ಸಂಭಾಜಿನಗರದಿಂದ ನಾಶಿಕಕ್ಕ ಪರೀಕ್ಷಾ ಬರೀಲಿಕ್ಕ ಬಂದಿದ್ದಳು. ಆಕಿಗಿ ಕನ್ನಡ ತಿಳೀತದ, ಮಾತಾಡ್ಲಿಕ್ಕ ಅಷ್ಟು ಬರಂಗಿಲ್ಲ. ಮೌಶಿ, ಅಂದ್ರ ಕಾಕು, ಇದು ನಿಮಗೇ ಕೊಡಬೇಕು ಅಂತ ಹೇಳಿಟ್ಟಿದ್ದಳು ಅಂತ ಅರ್ಧ ಮರಾಠಿ, ಅರ್ಧ ಕನ್ನಡದಾಗ ಹೇಳಿ, ಚಾ ಕುಡದು ಹೋದಳು.

ಕಾಕು ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಸುದ್ದಿ ಬಂದ ದಿನ ನಾ ಅತ್ತಿರಲಿಲ್ಲ. ವಾಟಿ ಕೈಯಾಗ ಹಿಡದ ಮ್ಯಾಲ ಅಡಗಿಮನ್ಯಾಗ ನೆಲದ ಮ್ಯಾಲೇ ಕುಂತುಬಿಟ್ಟೆ...

ಕಾಕು, ಅಂದ್ರ ಚಿಗವ್ವ, ಅಂತ ಕರೀತಿದ್ದೆ ಖರೆ, ನಮಗ ಬಳಗದವರೇನಲ್ಲ. ನಾ ಕಲಬುರಗಿ ಕಡಿಯಾಕಿ, ಅವರು ಬೀದರದವರು. ನಾಶಿಕದಾಗ ಒಂದೇ ಬಿಲ್ಡಿಂಗಿನ್ಯಾಗ ನಾವು ಕೆಳಗ, ಅವರು ಮ್ಯಾಲ. ಅವರ ಗಂಡ ಕಾಕಾ ಅವರದು ದೇವಳಾಲಿ ಕ್ಯಾಂಪ್‌ನಾಗ, ಮಿಲಿಟರಿಯವರ ನಡುವ, ಬಟ್ಟಿ ಅಂಗಡಿ ಇತ್ತು. ಮುಂಜಾನೆ ಅವರು ಅಂಗಡಿಗಿ, ನಮ್ಮ ಮನಿಯವರು ಫ್ಯಾಕ್ಟರಿಗಿ ಹೋದ್ರು ಅಂದ್ರ ಇಡೀ ಜಿನಾ, ಅಷ್ಟೂ ಮೆಟ್ಟಲ, ನಮ್ಮದೇ. ಮ್ಯಾಲಿಂದ ಕೆಳಗ ಶೇಂಗಾ ಚಟ್ನಿ ಹಿಂಡಿ ಇಳೀತಿತ್ತು, ಕೆಳಗಿಂದ ಮ್ಯಾಲ ರೊಟ್ಟಿ ಏರ್ತಿತ್ತು. ಮದಿವ್ಯಾಗಿ ಬಂದಾಗ ನನಗ ರೊಟ್ಟಿ ಬಡೀಲಿಕ್ಕೂ ನೆಟ್ಟಗ ಬರ್ತಿರಲಿಲ್ಲ. ನಮ್ಮವ್ವ ಕಲಸಿ ಕಳಸಿದ್ದು ಬಾಯಿ ಒಂದೇ, ಅಂತ ನಮ್ಮ ಮನಿಯವರು ಈಗೂ ಆಡಿಕೊಳ್ತಾರ. ನನ್ನ ಕೈಗಿ ಅಡಗಿ ಹತ್ತಿಸಿದವರು ಕಾಕು.

ಆಗ ಮರಾಠಿ ಟೀವಿಯೊಳಗ ಅಡಗಿ ಕಲಸೋ ಒಬ್ಬಾಕಿ ಭಾಳ ಹೆಸರಾಗಿದ್ದಳು. ದಪ್ಪಾನ ಪುಸ್ತಕಾನೂ ಬರದಿದ್ದಳು. ನಾವು ಆಕಿಗಿ ಟೀವಿ ಅಕ್ಕ ಅಂತಿದ್ವಿ. ಕಾಕು ಆ ಪುಸ್ತಕ ತರಸಿದ ಮ್ಯಾಲ ಬುಧವಾರ ಮಧ್ಯಾಹ್ನ ನಮ್ಮದೊಂದು ಕೂಟಾನೇ ಆಯ್ತು. ಬಿಲ್ಡಿಂಗಿನ್ಯಾಗ ಕನ್ನಡದ ಹೆಂಗಸರು ನಾಲ್ಕು ಮಂದಿ, ವಾರಕ್ಕೊಂದು ಪುಟ. ಕಾಕು ಮರಾಠಿ ಓದಿ ಕನ್ನಡದಾಗ ಹೇಳೋದು, ನಾವು ಮಾಡೋದು, ಎಲ್ಲಾರೂ ಕೂಡಿ ತಿನ್ನೋದು, ತಿಂದ ಮ್ಯಾಲ ಟೀವಿ ಅಕ್ಕನ ತೀರ್ಪು.

ತೀರ್ಪಿನ್ಯಾಗ ದಯಾ-ಮಾಯಾ ಇರಲಿಲ್ಲ. ಉಳ್ಳಾಗಡ್ಡಿ ಎರಡು ನಿಮಿಷದಾಗ ಕೆಂಪಗಾಗ್ತದ ಅಂತ ಬರದಾಳಲ್ಲ, ಆಕಿ ಒಲಿ ಮುಂದ ನಿಂತಾಳೋ ಇಲ್ಲೋ ಅಂತ ಒಬ್ಬಾಕಿ. ಕಾಯಿಪಲ್ಯಕ್ಕೆಲ್ಲಾ ಚಿಟಿಕಿ ಸಕ್ಕರಿ ಯಾಕ, ಜಡ್ಡಿಗಿ ಬಿದ್ದವರಿಗಿ ಮಾಡ್ಯಾಳೇನು ಅಂತ ಇನ್ನೊಬ್ಬಾಕಿ. ಆದರ ಥಾಲೀಪೀಠ ಮಾಡಿದ ದಿನ ಎಲ್ಲಾರೂ ಬಾಯಿ ಮುಚ್ಚಿಕೊಂಡು ಮೂರು-ಮೂರು ತಿಂದ್ವಿ. ಆಕಿ ಕೈ ಚಲೋ ಅದ, ಲೆಕ್ಕ ಕಚ್ಚಾ ಅದ ಅಂತ ಕಾಕು ಅಂದ್ರು.

ಲೆಕ್ಕ ಅಂದ್ರ ಉಪ್ಪಿಂದು. ಏನೇ ಮಾಡಲಿ, ಹದ ಬರೋಬ್ಬರಿ ಬರ್ತಿತ್ತು, ಅನ್ನ ಉದುರುದುರು ಆಗ್ತಿತ್ತು, ಹಿಟ್ಟು ಮೆತ್ತಗ ನಾದಿಕೊಳ್ತಿತ್ತು, ಉಪ್ಪು-ಖಾರ ಮಾತ್ರ ಸಪ್ಪಗ. ಪ್ರತಿ ಪುಟದ ಅಂಚಿಗಿ ಕಾಕು ಪೆನ್ಸಿಲ್ಲೀಲೆ ಗುಂಡಗುಂಡನ ಅಕ್ಷರದಾಗ "ಉಪ್ಪು ಕಮ್ಮಿ" ಅಂತ ಬರೀತಿದ್ರು. ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ ಅಂತಾರ, ಇಷ್ಟು ದೊಡ್ಡಾಕಿಗಿ ಇಷ್ಟು ತಿಳೀಬಾರದಾ ಅಂತಿದ್ರು. ನಾವು ಮೂವರೂ ಹೂಂ ರಿ ಕಾಕು, ಹೌದು ರಿ ಕಾಕು. ಅವರ ಎದುರಿಗಿ ಅಲ್ಲ ಅನ್ನೋ ಧೈರ್ಯ ಯಾರಿಗಿತ್ತು? ಒಂದು ಸಲ ನಾ ಬ್ಯಾಳಿಗಿ ಒಗ್ಗರಣಿ ಮೊದಲೇ ಹಾಕಬೇಕು ಅಂದಿದ್ದಕ್ಕ ಎರಡು ದಿನ ಮಾತು ಬಿಟ್ಟಿದ್ರು. ಎದಿಯೊಳಗ ಬೆಣ್ಣಿ, ಆದರ ಮೂಗಿನ ತುದೀಗಿ ಸಿಟ್ಟು.

ಹಿಂಗ ನಾಲ್ಕು ವರ್ಷ ನಡೀತು. ಒಂದು ದಿನ ಸಂಭಾಜಿನಗರದಿಂದ ಕಾಕು ಅವರ ತಂಗಿ ಫೋನ್ ಮಾಡಿ, ಟೀವಿ ಅಕ್ಕ ನಮ್ಮೂರಿಗಿ ಬರ್ತಾಳ, ಹೆಂಗಸರ ಮಂಡಳದ ಕಾರ್ಯಕ್ರಮ ಅದ, ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು ಅಂದಳು. ಕಾಕು ಆಗಿಂದಾಗ ಹೊಂಟು ನಿಂತ್ರು. ಇಡೀ ಬಿಲ್ಡಿಂಗಿಗಿ ಸುದ್ದಿ ಆಯ್ತು, ಕಾಕು ಉಪ್ಪಿನ ನ್ಯಾಯ ಕೇಳ್ಲಿಕ್ಕ ಹೊಂಟಾರ ಅಂತ. ಕಾಕಾ ಅಂಗಡಿಗಿ ಬಂದ ಸಿಪಾಯಿಗಳ ಹೆಂಡರಿಗೂ ಹೇಳಿಬಿಟ್ಟಿದ್ರು. ಜೋಡಿಗಿ ನಾನು.

ಬಸ್ಸಿನ್ಯಾಗ ಕಾಕು ಪುಸ್ತಕ ತೊಡಿ ಮ್ಯಾಲೇ ಇಟ್ಟುಕೊಂಡಿದ್ರು, ವಾಟಿ ಚೀಲದಾಗ. ಆ ವಾಟಿ ಅವರ ತವರಿಂದು. ಅವರ ಅವ್ವ ಅದರಾಗೇ ಅಂಬಲಿ ನೀಡತಿದ್ದಳಂತ. ಮರಾಠಿ ಪುಸ್ತಕದಾಗ ಎಲ್ಲಿ ವಾಟಿ ಅಂತ ಬರಲಿ, ಕಾಕು ಅವರ ಕೈ ಸೀದಾ ಇದಕ್ಕೇ ಹೋಗ್ತಿತ್ತು. ನಡುದಾರ್ಯಾಗ ಯೇವಲಾದಾಗ ಚಾ ಕುಡಿಯುವಾಗ, ಯಾವ ಮಾತು ಮೊದಲು ಕೇಳಬೇಕು, ಯಾವುದು ಆಮ್ಯಾಲ ಅಂತ ನನಗ ಒಪ್ಪಿಸಿ ತೋರಿಸಿದ್ರು. ಲಗ್ನಕ್ಕ ಹೊಂಟ ಹುಡುಗಿ ಹಂಗ ಮಾರಿ ಅರಳಿತ್ತು. ಅಷ್ಟು ಖುಷಿಯಾಗಿದ್ದದ್ದು ನಾ ಹಿಂದ ನೋಡಿರಲಿಲ್ಲ.

ತಂಗಿ ಮನಿ ದೌಲತಾಬಾದ್ ರಸ್ತಾಕ್ಕ ಹತ್ತಿ ಇತ್ತು. ಮರುದಿನ ಮುಂಜಾನೆ ಕಾಕು ಹುಕುಂ ಮಾಡಿದ್ರು. ಪುಸ್ತಕದಾಗ ಇದ್ದಂಗ ಮಸಾಲಿ ಭಾತ ಮಾಡೋದು, ಡಬ್ಬಿ ಕಟ್ಟೋದು, ಟೀವಿ ಅಕ್ಕನ ಬಾಯಾಗೇ ಹಾಕೋದು, ಆಕಿನೇ ಹೇಳಲಿ ಸಪ್ಪಗ ಅದನೋ ಇಲ್ಲೋ. ನನಗ ಅಕ್ಕಿ ಅಳೀಲಿಕ್ಕ ಹೇಳಿ, ಅವರು ಹೊಸ್ತಿಲದಾಗ ಕುಂತು ತೊಂಡೇಕಾಯಿ ಹೆಚ್ಚಲಿಕ್ಕತ್ತಿದ್ರು.

ತಂಗಿ ಹಂತೇಕ ಅದೇ ಪುಸ್ತಕ ಹೊಸಾದು ಇತ್ತು. ಅದರ ಜೋಡಿ ಅಳತಿದೊಂದು ಸಣ್ಣ ವಾಟಿ ಬಂದಿತ್ತು. ಅಕ್ಕಿ ಡಬ್ಬ್ಯಾಗ ಅದೇ ಇತ್ತು, ನಾ ಯಾವ ಲಕ್ಷ್ಯದಾಗೋ ಅದರೀಲೇ ಒಂದು ವಾಟಿ ತಗದೆ. ತಗದ ಮ್ಯಾಲ ನೆನಪಾಯ್ತು, ಅಯ್ಯ, ಕಾಕು ಅವರ ವಾಟಿಲೇ ಅಳೀಬೇಕಲ್ಲ ಅಂತ ಅದರಾಗ ಸುರಿವಿದೆ. ಕಂಚಿನ ವಾಟಿ ಅರ್ಧಕ್ಕಿಂತ ಜರಾ ಮ್ಯಾಲ ತುಂಬಿತು ಅಷ್ಟೇ. ಇನ್ನೊಂದು ಸಲ ಸುರಿವಿದೆ. ಆಗ ತುಂಬಿತು.

ನನ್ನ ಕೈ ಅಲ್ಲೇ ನಿಂತಿತು. ಅಕ್ಕಿ ವಾಟೀಲೆ, ನೀರು ವಾಟೀಲೆ, ಉಪ್ಪು ಮಾತ್ರ ಚಮಚಾಲೆ. ವಾಟಿ ದೊಡ್ಡದಾದ್ರ ಅಕ್ಕಿ ನೀರು ಎರಡೂ ಕೂಡೇ ಹೆಚ್ಚಾಗ್ತಾವ, ಹದ ಕೆಡಂಗಿಲ್ಲ. ಉಪ್ಪು ಅಷ್ಟೇ ಉಳೀತದ. ನಾಲ್ಕು ವರ್ಷ ಟೀವಿ ಅಕ್ಕಗ ಬೈದದ್ದೆಲ್ಲಾ ನಮ್ಮ ವಾಟಿ ತಪ್ಪು! ಹೊಸ ಪುಸ್ತಕದ ಮೊದಲ ಪುಟ ತಗದು ನೋಡಿದೆ, ವಾಟಿ ಚಿತ್ರ ಬರದು ಅಳತಿ ಹಾಕಿದ್ದಳು. ಕಾಕು ಅವರ ಪುಸ್ತಕದಾಗೂ ಇದ್ದೇ ಇತ್ತು. ಮೊದಲ ಪುಟ ಯಾರು ಓದತಾರ?

ಹೇಳಬೇಕು ಅಂತ ತಿರುಗಿದೆ. ಕಾಕು ತೊಂಡೇಕಾಯಿ ಹೆಚ್ಚಿಕೋತ, ಸಭಾದಾಗ ಆಡೋ ಮಾತು ತಂಗಿಗಿ ಒಪ್ಪಿಸಲಿಕ್ಕತ್ತಿದ್ರು. ನಾ ಕಂಚಿನ ವಾಟೀಲೇ ಅಕ್ಕಿ, ನೀರು ಅಳದು, ಉಪ್ಪು ಪುಸ್ತಕದಾಗ ಇದ್ದಷ್ಟೇ ಹಾಕಿದೆ. ಖುಷಿ ಕೆಡಸೋದು ಬ್ಯಾಡ ಅಂತ ಸುಮ್ಮನಾದೆ ಅಂತ ಭಾಳ ವರ್ಷ ನನಗ ನಾನೇ ಹೇಳಿಕೊಂಡೆ. ಖರೇ ಅಂದ್ರ ಅಂಜಿದೆ. ನೂರು ಮಂದಿ ಮುಂದ ಕಾಕು ನಿಲ್ಲೋದಕ್ಕಿಂತ, ನನ್ನ ಮ್ಯಾಲ ಅವರು ಸಿಟ್ಟಾಗೋದು ನನಗ ದೊಡ್ಡದಾಗಿ ಕಂಡಿತು.

ಹಾಲ್ ತುಂಬಿತ್ತು. ಕಾಕು ಪೈಠಣಿ ಸೀರಿ ಉಟ್ಟಿದ್ರು. ಮೈಕ್ ಕೈಗಿ ಬಂದ ಕೂಡಲೇ ಒಂಚೂರೂ ತಡವರಿಸದೆ ಚೊಕ್ಕ ಮರಾಠಿಯೊಳಗ ಹೇಳಿದ್ರು, ತಾಯಿ, ನಾಲ್ಕು ವರ್ಷದಿಂದ ನಿಮ್ಮ ಪುಸ್ತಕ ಹಿಡದು ಮಾಡ್ಲಿಕ್ಕತ್ತೀನಿ, ಎಲ್ಲಾದರಾಗೂ ಉಪ್ಪು ಕಮ್ಮಿ ಬರದೀರಿ, ಅಂತ. ಸಭಾ ಗುಸುಗುಸು ಅಂತು. ಟೀವಿ ಅಕ್ಕ ಸಿಟ್ಟಾಗಲಿಲ್ಲ. ಯಾವ ವಾಟೀಲೆ ಅಳೀತೀರಿ ಅಂತ ಕೇಳಿದಳು. ಕಾಕು ಚೀಲದಾಗಿಂದ ವಾಟಿ ತಗದು ಎತ್ತಿ ಹಿಡದ್ರು. ಆಕಿ ಮೇಜಿನ ಮ್ಯಾಲಿನ ತನ್ನ ವಾಟಿ ತಗದು ಎತ್ತಿ ಹಿಡದಳು. ಇಡೀ ಹಾಲ್ ಘೊಳ್ಳಂತ ನಕ್ಕಿತು.

ನಾ ತಲಿ ತಗ್ಗಿಸಿ ನೆಲಾ ನೋಡಿದೆ. ಕಾಕು ಮಾತ್ರ ಕೂಡಲಿಲ್ಲ. ನಗು ನಿಲ್ಲೋತನಕ ನಿಂತು, ಆಮ್ಯಾಲ ಮೈಕ್‌ನಾಗ ಹೇಳಿದ್ರು, ನಮ್ಮ ಮನ್ಯಾಗ ಅಷ್ಟು ಸಣ್ಣ ವಾಟೀಲೆ ಯಾರಿಗೂ ನೀಡಂಗಿಲ್ಲ ತಾಯಿ. ಈ ಸಲ ಸಭಾ ಚಪ್ಪಾಳಿ ಹೊಡೀತು. ಟೀವಿ ಅಕ್ಕ ಕೆಳಗ ಇಳದು ಬಂದು, ಡಬ್ಬಿ ಬಿಚ್ಚಿಸಿ ಭಾತ ಉಂಡು, ಹೌದು ಸಪ್ಪಗ ಅದ ಅಂತ ತಾನೂ ನಕ್ಕಳು. ತಂಗಿಗಿ ಹಿಡಿಸಲಾರದಷ್ಟು ಖುಷಿ. ಮರ್ಯಾದಿ ಉಳೀತು ಅಂತ ನನಗೂ ಉಸರು ಬಂತು.

ತಿರುಗಿ ಬರುವಾಗ ಬಸ್ಸಿನ್ಯಾಗ ಕಾಕು ಖಿಡಕಿ ಕಡಿ ಮಾರಿ ಮಾಡಿ ಕುಂತ್ರು. ಯೇವಲಾದಾಗ ಬಸ್ಸು ನಿಂತಾಗ ಮಡಿಲಾಗಿನ ಸೀತಾಫಲ ಒಡೀಕೋತ ಕೇಳಿದ್ರು.

"ಮುಂಜಾನಿ ಅಕ್ಕಿ ಎರಡು ಸಲ ಸುರಿವಿದೆಲ್ಲ ನೀ, ಆಗೇ ತಿಳೀತು ನಿನಗ, ಹೌದಲ್ಲ?"

"ಹೂಂ ರಿ ಕಾಕು."

"ಮಂದಿ ನಕ್ಕರ ನಗಲಿ. ಮಂದಿಗಿ ಮತ್ತೇನು ಕೆಲಸ? ನನ್ನ ಬಾಜೂಕ ಕುಂತಾಕಿ ಸುಮ್ಮ ಕುಂತಳಲ್ಲ..."

ಸೀತಾಫಲದ ದೊಡ್ಡ ಹೋಳು ನನ್ನ ಕೈಯಾಗ ಇಟ್ಟು, ಸಣ್ಣದು ತಾವು ತಿಂದ್ರು. ಮಾತು ಮನಿ ಕೆಡಸ್ತು, ತೂತು ಒಲಿ ಕೆಡಸ್ತು ಅಂತ ಸಣ್ಣಾಕಿ ಇದ್ದಾಗಿಂದ ಕೇಳಿದ್ದೆ. ಆಡಲಾರದ ಮಾತೂ ಕೆಡಸ್ತದ ಅಂತ ಆವತ್ತ ತಿಳೀತು.

ಆದರ ಕಾಕು ಕೆಡಸಿಕೊಳ್ಳಲಿಲ್ಲ. ಬುಧವಾರದ ಕೂಟ ನಡದೇ ನಡೀತು, ಹಿಂಡಿ ಇಳೀತು, ರೊಟ್ಟಿ ಏರಿತು. ನನ್ನ ಮಗಳು ಹುಟ್ಟಿದಾಗ ನಲವತ್ತು ದಿನ ಮ್ಯಾಲಿಂದಲೇ ಅಡಗಿ ಬಂತು. ಪುಸ್ತಕ ಮಾತ್ರ ಮತ್ತ ಕೆಳಗ ಬರಲಿಲ್ಲ. ಎಲ್ಲೆ ಅದ ರಿ ಕಾಕು ಅಂತ ಕೇಳೋ ಬಾಯಿ ನನಗಿರಲಿಲ್ಲ. ಮುಂದ ಕಾಕಾ ಅಂಗಡಿ ಮುಚ್ಚಿದ ಮ್ಯಾಲ ಇಬ್ಬರೂ ತಂಗಿ ಮನಿ ಬಾಜೂಕ ಹೋಗಿ ಉಳದ್ರು. ಫೋನಿನ್ಯಾಗ ಮಾತು ಇತ್ತು... ಇಂದು ಏನು ಮಾಡೀದಿ, ಉಪ್ಪು ನೋಡೀದೇನು, ಅಷ್ಟೇ. ಆ ಬಸ್ಸಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಪುಸ್ತಕ ನನ್ನ ತೊಡಿ ಮ್ಯಾಲಿತ್ತು. ಪುಟ ತಗದೆ. ಅದೇ ಪೆನ್ಸಿಲ್, ಅದೇ "ಉಪ್ಪು ಕಮ್ಮಿ". ಆದರ ಅದರ ಮುಂದ ನೀಲಿ ಪೆನ್ನೀಲೆ, ಜರಾ ನಡುಗಿದ ಅಕ್ಷರದಾಗ ಇನ್ನೆರಡು ಮಾತು ಬರದಿದ್ರು: "ನಮ್ಮ ವಾಟಿಗಿ". ಮುಂದಿನ ಪುಟ ತಗದೆ, ಅದರಾಗೂ. ಥಾಲೀಪೀಠಕ್ಕ, ಝುಣಕಾಕ್ಕ, ಪುರಣಪೋಳಿಗಿ. ಅಷ್ಟೂ ಪುಟ ಕುಂತು ತಿದ್ದಿದ್ರು. ಅಳಿಸಿರಲಿಲ್ಲ, ಅಳಿಸೋರಲ್ಲ ಕಾಕು. ಮಸಾಲಿ ಭಾತದ ಪುಟದ ಕೆಳಗ ಮಾತ್ರ ಇನ್ನೊಂದು ಸಾಲು ಇತ್ತು.

"ಆಕಿ ಅಂಜಿ ಹೇಳಲಿಲ್ಲ. ಅಂಜಿಸಿಟ್ಟಾಕಿ ನಾನೇ."

ಆ ಸಾಲಿನ ಮ್ಯಾಲ ಬೆರಳ ಇಟ್ಟು ಮತ್ತೊಮ್ಮೆ ಓದಿದೆ. ಆಮ್ಯಾಲ ಎದ್ದು ಮಾರಿ ತೊಳಕೊಂಡು ಮಸಾಲಿ ಭಾತಕ್ಕ ಇಟ್ಟೆ. ಕಂಚಿನ ವಾಟೀಲೆ ಅಕ್ಕಿ, ಕಂಚಿನ ವಾಟೀಲೆ ನೀರು, ಉಪ್ಪು ಎರಡು ಪಟ್ಟಿಗಿ ಜರಾ ಕಮ್ಮಿ. ಭಾತ ಚಲೋ ಆಯ್ತು, ಮನಿ ತುಂಬ ವಾಸನಿ ಹಿಡೀತು. ಮಗಳು ಸಾಲಿಯಿಂದ ಬಂದಾಕಿ ಎರಡು ಸಲ ನೀಡಿಸಿಕೊಂಡು ಉಂಡಳು. ಒಂದು ತಾಟಿನ್ಯಾಗ ಹಾಕಿಕೊಂಡು, ಮ್ಯಾಲ ಕಾಯಿತುರಿ ಉದುರಿಸಿ, ಸೆರಗು ಮುಚ್ಚಿ ಜಿನಾ ತನಕ ಹೋಗಿಬಿಟ್ಟಿದ್ದೆ. ನಾಲ್ಕು ಮೆಟ್ಟಲ ಏರಿದ ಮ್ಯಾಲ, ಮ್ಯಾಲಿನ ಮನ್ಯಾಗ ಈಗ ಬ್ಯಾರೇ ಯಾರೋ ಅದಾರ ಅನ್ನೋದು ನೆನಪಾಯ್ತು.

ಅಲ್ಲೇ ಮೆಟ್ಟಲ ಮ್ಯಾಲ ಕುಂತೆ, ಯಾರೂ ಇರಲಿಲ್ಲ.

"ಕಾಕು, ನಿಮ್ಮ ವಾಟಿ ದೊಡ್ಡದದ ನೋಡ್ರಿ" ಅಂದೆ.

ಆವತ್ತ ಹೇಳಬೇಕಾದದ್ದು ಇಷ್ಟೇ ಮಾತಿತ್ತು.