ಆರನೆಯದಕ್ಕೆ ಉಪ್ಪುನೀರು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಾರೆ. ಎದುರಿಗೆ ಹೆದರಿಕೊಂಡು, ಬೆನ್ನ ಹಿಂದೆ ನಕ್ಕೊಂಡು. ಅವಳ ಸಂಸಾರವೆಲ್ಲ ಬೆಚ್ಚನೆಯ ಪೆಟ್ಟಿಗೆಯೊಳಗಿನ ಆರು ಚಿಪ್‌ಗಳು: ಬೆರಳುದ್ದದ ಪಾರದರ್ಶಕ ತುಂಡುಗಳು, ಒಳಗೆ ಮನುಷ್ಯರ ಶ್ವಾಸಕೋಶದ ಜೀವಕೋಶಗಳು, ಪಂಪು ಎಳೆದು ಬಿಟ್ಟಂತೆಲ್ಲ ಉಸಿರಾಡುವ ಹಾಗೆ ಹಿಗ್ಗಿ ಕುಗ್ಗುತ್ತವೆ. ಪಂಪು ತಡವರಿಸಿದರೆ ಏದುಸಿರು ಬರುವುದು ದೊಡ್ಡಮ್ಮನಿಗೆ. ಯಾರಾದರೂ ಬಾಗಿಲನ್ನು ಧಡಾರನೆ ಹಾಕಿದರೆ, "ಮನೇಲಿ ಕಾಯಿಲೆಯವರಿದ್ದಾರೆ ಅನ್ನೋ ಜ್ಞಾನ ಬೇಡ್ವಾ?" ಎಂದು ಹರಿಹಾಯುತ್ತಾಳೆ. ಆರಕ್ಕೂ ರೋಗ ಅಂಟಿಸಿ, ಐದಕ್ಕೆ ಹೊಸ ಔಷಧಿ, ಹೋಲಿಸಿ ನೋಡಲು ಆರನೆಯದಕ್ಕೆ ಬರೀ ಉಪ್ಪುನೀರು ಕೊಡುವುದು ಅಲ್ಲಿಯ ಪದ್ಧತಿ. ಐದಕ್ಕೆ ಮಾತಿಲ್ಲದೆ ಹನಿಸುವ ದೊಡ್ಡಮ್ಮ ಆರನೆಯದರ ಮುಂದೆ ಮಾತ್ರ ಬಗ್ಗಿ, "ಇದು ಮದ್ದಲ್ಲ ಕಣೇ, ಬರೀ ಉಪ್ಪುನೀರು" ಎಂದು ಪ್ರತಿಸಲವೂ ಹೇಳುತ್ತಾಳೆ. "ಅದು ಸಾಯೋದಕ್ಕೇ ಇರೋದಲ್ವಾ ದೊಡ್ಡಮ್ಮ?" ಎಂದು ಹೊಸಬಳೊಬ್ಬಳು ನಕ್ಕಾಗ, "ಸಾಯೋರಿಗೆ ಸುಳ್ಳು ಯಾಕೆ ಹೇಳ್ಬೇಕು?" ಎಂದು ಗದರಿದಳು. ಹಿಂದೊಮ್ಮೆ ಹೊಸ ಔಷಧಿಯೊಂದರ ಪರೀಕ್ಷೆಗೆ ಸೇರಿದ್ದ ಅವಳ ಮಗಳ ಪಾಲಿಗೂ ಬಂದದ್ದು ಉಪ್ಪುನೀರೇ. ಅದು ತಿಳಿದದ್ದು ಮಗಳು ಹೋದ ಮೇಲೆ. ಅಲ್ಲಿಯವರೆಗೆ ಪ್ರತಿ ಸೂಜಿಯಾದ ಮೇಲೂ ಹುಡುಗಿಯ ಕೆನ್ನೆ ಸವರಿ, "ಮದ್ದು ನಾಟ್ತಾ ಇದೆ ಕಣೇ, ನೋಡು, ಮುಖಕ್ಕೆ ಕಳೆ ಬಂದಿದೆ" ಎನ್ನುತ್ತಿದ್ದವಳು ಇದೇ ದೊಡ್ಡಮ್ಮ.